ಹಾಳೆ ಹರಿಯಲಾಗದ ಕಿರ್ದಿ

2025ರ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ತಿಪಟೂರಿನಿಂದ ಮಾವನ ಫೋನ್ ಬಂತು. ಆರೋಗ್ಯ, ಮಳೆ, ಕೊಬ್ಬರಿ ರೇಟು ಎಲ್ಲ ಮಾತಾಡಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪುಟ್ಟಿ, ಒಂದು ಲಕ್ಷ ಕೈಸಾಲ ಬೇಕಿತ್ತು. ಹದಿನೈದು ದಿನದಲ್ಲಿ ವಾಪಸ್ ಹಾಕ್ತೀನಿ. ನಿಮ್ಮತ್ತೆಗೆ ಗೊತ್ತಾಗೋದು ಬೇಡ" ಅಂದರು.

ನಮ್ಮ ಮಾವ ಮೂವತ್ತು ವರ್ಷ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಕಿರ್ದಿ, ಖತಾವಣಿ ಬರೆದೇ ಮಕ್ಕಳನ್ನು ಓದಿಸಿದವರು. ಸಂಜೆ ಶಿಲ್ಕಿನಲ್ಲಿ ಒಂದು ರೂಪಾಯಿ ತಾಳೆ ಆಗದಿದ್ದರೂ ಊಟಕ್ಕೆ ಏಳುತ್ತಿರಲಿಲ್ಲ ಅಂತ ಅತ್ತೆ ಈಗಲೂ ಹೇಳಿ ನಗುತ್ತಾರೆ. ಅಂಥವರು ಸಾಲ ಕೇಳಿದ್ದು ನನಗೆ ತಿಳಿದಂತೆ ಅದೇ ಮೊದಲು. (ಅವರ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆಯುತ್ತಿದ್ದೇನೆ.)

ಬಿಡಿಸಿ ಬಿಡಿಸಿ ಕೇಳಿದಾಗ ವಿಷಯ ಹೊರಬಂತು. ಮೊಬೈಲಿನಲ್ಲಿ ಪರಿಚಯವಾದ ಯಾವುದೋ ಗುಂಪಿನವರು ಬಿಟ್‌ಕಾಯಿನ್ ಯೋಜನೆ ಅಂತ ಒಂದು ಆ್ಯಪ್ ಹಾಕಿಸಿದ್ದರು. ಮಾವ ಜನವರಿಯಲ್ಲಿ 0.02, ಫೆಬ್ರವರಿಯಲ್ಲಿ 0.04 ಬಿಟ್‌ಕಾಯಿನ್ ಕೊಂಡು ಅವರು ಕೊಟ್ಟ ವಿಳಾಸಕ್ಕೆ ಕಳಿಸಿದ್ದರು. ನಿವೃತ್ತಿಯ ದುಡ್ಡು, ಹತ್ತಿರ ಹತ್ತಿರ ಐದು ಲಕ್ಷ. ಆ್ಯಪ್‌ನಲ್ಲಿ ಅದು ಬೆಳೆದು ಹದಿನಾಲ್ಕು ಲಕ್ಷ ಆಗಿತ್ತು. "ನಿಮ್ಮ ಬಿಟ್‌ಕಾಯಿನ್ ನಿಮ್ಮ ವಿಳಾಸದಲ್ಲೇ ಭದ್ರವಾಗಿದೆ" ಅಂತ ಹಸಿರು ಬಣ್ಣದಲ್ಲಿ ಬರುತ್ತಿತ್ತು. ತೆಗೆಯಲು ಹೋದರೆ, ಲಾಭದ ಮೇಲೆ ಶೇ 30 ತೆರಿಗೆಯನ್ನು ಹದಿನೈದು ದಿನದೊಳಗೆ ಮುಂಗಡ ಕಟ್ಟಬೇಕಂತೆ. ಎರಡು ಲಕ್ಷದ ಎಪ್ಪತ್ತು ಸಾವಿರ! ಮಾವ ಎಫ್‌ಡಿ ಮುರಿಸಿ ಉಳಿದದ್ದನ್ನು ಹೊಂದಿಸಿಕೊಂಡಿದ್ದರು. ಒಂದು ಲಕ್ಷ ಮಾತ್ರ ಕಮ್ಮಿ ಬಿದ್ದಿತ್ತು.

"ಮಾವ, ಇದು ಮೋಸ" ಅಂದೆ.

"ಇಲ್ಲ ಕಣೇ. ದುಡ್ಡು ಬ್ಲಾಕ್‌ಚೈನ್‌ನಲ್ಲಿದೆ. ಬ್ಲಾಕ್‌ಚೈನ್‌ನಲ್ಲಿರೋದನ್ನ ಯಾರೂ ಅಳಿಸೋಕಾಗಲ್ಲ ಅಂತ ನಮ್ಮನೆ ಜಗಲಿ ಮೇಲೆ ಕೂತು ನೀನೇ ಹೇಳಿದ್ದೆ."

ಹೌದು, ಹೇಳಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಮ್ಮಸ್ಸಿನಲ್ಲಿ ಹೇಳಿದ್ದ ಅರ್ಧ ಸತ್ಯ. ಅಳಿಸಲಾಗದ್ದು ಲೆಕ್ಕ, ದುಡ್ಡಲ್ಲ. ಆ ಉಳಿದರ್ಧವನ್ನು ನಾನು ಹೇಳಿರಲಿಲ್ಲ.

ಬಿಟ್‌ಕಾಯಿನ್ ವ್ಯವಹಾರಗಳನ್ನು ಯಾರು ಬೇಕಾದರೂ ನೋಡಬಹುದಾದ ವೆಬ್‌ಸೈಟುಗಳಿವೆ. ಅಂಥ ಒಂದರಲ್ಲಿ ಆ ವಿಳಾಸ ಹಾಕಿದರೆ ಬಾಕಿ ಸೊನ್ನೆ ಅಂತ ಬಂತು. ಸ್ಕ್ರೀನ್‌ಶಾಟ್ ಕಳಿಸಿದೆ. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಅದೂ ಒಂದು ವೆಬ್‌ಸೈಟೇ, ಇದೂ ಒಂದು ಆ್ಯಪೇ. ನಾನು ಅದನ್ನೇ ಯಾಕೆ ನಂಬಲಿ?"

ಸಿಟ್ಟು ಬಂತು. ಆದರೆ ಯೋಚಿಸಿದಷ್ಟೂ ಪ್ರಶ್ನೆ ಸರಿ ಅನ್ನಿಸಿತು. ಯಾರ ಮಾತನ್ನೂ ನಂಬದೆ ಮೂಲ ಲೆಕ್ಕವನ್ನೇ ತೆರೆದು ಓದಿ ತೋರಿಸಬೇಕು. ಕೈಯಲ್ಲಿದ್ದದ್ದು ಎರಡು ವಾರ.

ಕಿರ್ದಿ ಇದೆ, ಖತಾವಣಿ ಇಲ್ಲ

ಬ್ಲಾಕ್‌ಚೈನ್ ಅಂದರೇನು ಅಂತ ಹೇಳಲು ಮಾವನ ಕಸುಬಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಿರ್ದಿಯಲ್ಲಿ ಆಯಾ ದಿನದ ಜಮಾ ಖರ್ಚು ನಡೆದ ಕ್ರಮದಲ್ಲೇ ಬರೆಯುತ್ತಾರೆ. ಪ್ರತಿ ಪುಟ ಹಿಂದಿನ ಶಿಲ್ಕಿನಿಂದ ಶುರು. ಬಿಟ್‌ಕಾಯಿನ್‌ನಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಪುಟ, ಅದೇ ಬ್ಲಾಕ್. ಅದರ ತಲೆಯಲ್ಲಿ ಶಿಲ್ಕಿನ ಬದಲು ಹಿಂದಿನ ಪುಟದ ಹ್ಯಾಶ್, ಅಂದರೆ ಆ ಪುಟದಿಂದ ಲೆಕ್ಕ ಹಾಕಿ ತೆಗೆದ ಒಂದು ದೊಡ್ಡ ಗುರುತಿನ ಸಂಖ್ಯೆ, ಇರುತ್ತದೆ. ಹಳೆಯ ಪುಟದಲ್ಲಿ ಒಂದು ಚುಕ್ಕಿ ತಿದ್ದಿದರೂ ಅದರ ಹ್ಯಾಶ್ ಪೂರ್ತಿ ಬೇರೆಯಾಗಿ, ಮುಂದಿನ ಪುಟದ ಜೊತೆ ತಾಳೆ ಆಗುವುದಿಲ್ಲ. ಇದೇ ಕಿರ್ದಿಯ ಪ್ರತಿಗಳು ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಹಾಳೆ ಹರಿಯೋ ಹಾಗಿಲ್ಲ.

ಆದರೆ ಇದು ಕಿರ್ದಿ ಮಾತ್ರ. ಯಾರ ಹೆಸರಿನಲ್ಲಿ ಎಷ್ಟು ಬಾಕಿ ಇದೆ ಅನ್ನೋ ಖತಾವಣಿ ಅದರಲ್ಲಿಲ್ಲ. ಇರುವುದು ಇಷ್ಟೇ: ಹಿಂದಿನ ಇಂಥ ನಮೂದಿನಿಂದ ಬಂದ ದುಡ್ಡು, ಈಗ ಇಂಥ ವಿಳಾಸಕ್ಕೆ ಹೋಯಿತು. ಒಂದು ವಿಳಾಸದಲ್ಲಿ ದುಡ್ಡು ಇದೆಯೋ ಇಲ್ಲವೋ ತಿಳಿಯಬೇಕಾದರೆ, ಅಲ್ಲಿಗೆ ಬಂದದ್ದನ್ನು ಮುಂದೆ ಯಾರಾದರೂ ಎತ್ತಿದ್ದಾರಾ ಅಂತ ಪುಟ ಪುಟ ತಿರುವಿ ನೋಡಬೇಕು. ನನ್ನ ಸಾಧನ ಮಾಡಬೇಕಾದ ಕೆಲಸ ಅಷ್ಟೇ. ಕಿರ್ದಿ ಓದಿ ಖತಾವಣಿ ಬರೆಯುವುದು.

"ಬಿಡಿಸು"

ಕಮಾಂಡ್‌ಲೈನ್ ಸಾಧನ ಅಂದರೆ ಚಿತ್ರ, ಬಟನ್ ಯಾವುದೂ ಇಲ್ಲದ ಕಪ್ಪು ಕಿಟಕಿ. ಅಕ್ಷರದಲ್ಲಿ ಕೇಳಿದರೆ ಅಕ್ಷರದಲ್ಲೇ ಉತ್ತರ. ಬರೆದದ್ದು ಪೈಥಾನ್‌ನಲ್ಲಿ. ಹೆಸರು "ಬಿಡಿಸು" ಅಂತಿಟ್ಟೆ. ಗಂಟು ಬಿಡಿಸೋದಕ್ಕೂ ಹಲಸಿನ ತೊಳೆ ಬಿಡಿಸೋದಕ್ಕೂ ನಮ್ಮಲ್ಲಿ ಅದೇ ಮಾತಲ್ಲವೇ!

ಮೊದಲು ಕಿರ್ದಿ ಮನೆಗೆ ಬರಬೇಕಿತ್ತು. ಇಡೀ ಬಿಟ್‌ಕಾಯಿನ್ ಬ್ಲಾಕ್‌ಚೈನ್ 600 ಜಿಬಿಗೂ ಹೆಚ್ಚು. ಹೊಸ ಡಿಸ್ಕ್ ತಂದು, ಉಚಿತವಾಗಿ ಸಿಗುವ ಮೂಲ ಸಾಫ್ಟ್‌ವೇರ್ ಹಾಕಿ ಬಿಟ್ಟೆ. ಅದು ಊರೂರಿನ ಕಂಪ್ಯೂಟರುಗಳಿಂದ ಪುಟಗಳನ್ನು ತರಿಸಿಕೊಂಡು, ತಾನೇ ತಾಳೆ ನೋಡಿ ಜೋಡಿಸಿಡುತ್ತದೆ. ನಾಲ್ಕು ದಿನ ಹಿಡಿಯಿತು. ಲ್ಯಾಪ್‌ಟಾಪ್ ಫ್ಯಾನಿನ ಸದ್ದಿಗೆ ನನ್ನ ಗಂಡ ಹಾಲ್‌ನಲ್ಲಿ ಮಲಗಿದರು.

ಫೈಲ್ ತೆರೆದರೆ ಆರಂಭದಲ್ಲೇ ಮುಗ್ಗರಿಸಿದೆ. ಪ್ರತಿ ಬ್ಲಾಕಿನ ಮುಂದೆ ಎಫ್9 ಬಿಇ ಬಿ4 ಡಿ9 ಎಂಬ ನಾಲ್ಕು ಬೈಟ್‌ಗಳ ಗುರುತು ಇರಬೇಕು. ನನಗೆ ಕಂಡದ್ದು ಏನೇನೋ. ಒಂದು ಸಂಜೆ ಹಾಳಾದ ಮೇಲೆ ಗೊತ್ತಾಯಿತು: ಸಾಫ್ಟ್‌ವೇರಿನ ಹೊಸ ಆವೃತ್ತಿ ಫೈಲುಗಳಿಗೆ ಎಂಟು ಬೈಟ್‌ಗಳ ಒಂದು ಕೀಲಿ ಬೆರೆಸಿ ಇಡುತ್ತದೆ. ಅದು ಗುಟ್ಟಿಗಲ್ಲ, ವೈರಸ್ ತಡೆಯುವ ಸಾಫ್ಟ್‌ವೇರುಗಳು ತಪ್ಪು ತಿಳಿಯದಿರಲಿ ಅಂತ. ಕೀಲಿಯೂ ಪಕ್ಕದ ಫೈಲಿನಲ್ಲೇ ಇತ್ತು.

ಕೀಲಿ ಹಾಕಿದೆ, ಮೊಟ್ಟಮೊದಲ ಪುಟ ತೆರೆಯಿತು. ಬ್ಲಾಕಿನ ತಲೆಬರಹ ಬರೀ 80 ಬೈಟ್. ಆವೃತ್ತಿಗೆ 4, ಹಿಂದಿನ ಪುಟದ ಹ್ಯಾಶ್‌ಗೆ 32, ಈ ಪುಟದ ಎಲ್ಲ ನಮೂದುಗಳ ಒಟ್ಟು ಹ್ಯಾಶ್‌ಗೆ 32, ಸಮಯಕ್ಕೆ 4, ಉಳಿದ 8 ಗಣಿಗಾರಿಕೆಯ ಲೆಕ್ಕಕ್ಕೆ. ಮೊದಲ ಪುಟದಲ್ಲಿ ಹಿಂದಿನ ಹ್ಯಾಶ್ ಪೂರ್ತಿ ಸೊನ್ನೆ, ಯಾಕೆಂದರೆ ಅದಕ್ಕೆ ಹಿಂದಿನ ಪುಟವೇ ಇಲ್ಲ. ಸಮಯದ ಜಾಗದಲ್ಲಿ 29 ಎಬಿ 5ಎಫ್ 49 ಅಂತಿತ್ತು. ನೇರವಾಗಿ ಓದಿದರೆ ಅರ್ಥವಿಲ್ಲದ ತಾರೀಖು. ಹಿಂದಿನಿಂದ ಮುಂದಕ್ಕೆ ಓದಿದರೆ 1231006505. 1970ರ ಜನವರಿ 1ರಿಂದ ಅಷ್ಟು ಸೆಕೆಂಡ್ ಎಣಿಸಿದರೆ 2009ರ ಜನವರಿ 3, ನಮ್ಮ ಗಡಿಯಾರದಲ್ಲಿ ರಾತ್ರಿ 11.45. ಅದೇ ಪುಟದೊಳಗೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಆ ದಿನದ ಒಂದು ತಲೆಬರಹ ಇದೆ. ನನ್ನ ಕಪ್ಪು ಕಿಟಕಿಯಲ್ಲಿ ಅದು ಸಾಲಾಗಿ ಮೂಡಿದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಅವತ್ತೇ ಅತ್ತೆ ಯಾವುದೋ ಮದುವೆ ವಿಷಯಕ್ಕೆ ಫೋನ್ ಮಾಡಿದ್ದರು. ಏನು ಕೆಲಸ ಅಂದಾಗ, ಅಂಕಿಗಳನ್ನು ತಿರುಗಿಸಿ ಓದೋ ಕೆಲಸ ಅಂದೆ. ಅತ್ತೆ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. "ಅದರಲ್ಲೇನಿದೆ? ಅಂಕಾನಾಂ ವಾಮತೋ ಗತಿಃ. ಮೇಚಕಲ್ಯಾಣಿಯಲ್ಲಿ ಮ ಅಂದ್ರೆ 5, ಚ ಅಂದ್ರೆ 6. ತಿರುಗಿಸಿದ್ರೆ 65ನೇ ಮೇಳಕರ್ತ. ನಾವು ಎಂದಿನಿಂದಲೂ ಹಾಗೇ ಓದೋದು" ಅಂದರು. ನಾನು ನಕ್ಕೆ. ಫೋನ್ ಇಟ್ಟ ಮೇಲೆ ಹೊಟ್ಟೆಯೊಳಗೆ ಸಂಕಟವಾಯಿತು. ಯಾರ ದುಡ್ಡು ಹುಡುಕುತ್ತಿದ್ದೇನೋ ಅವರಿಂದಲೇ ಪಾಠ ಹೇಳಿಸಿಕೊಂಡು, ಅವರಿಂದಲೇ ಮುಚ್ಚಿಡುತ್ತಿದ್ದೆ.

ಸೊನ್ನೆ ಜನ ಕೊಟ್ಟ ದುಡ್ಡು

ಮಾವನ ವ್ಯವಹಾರಗಳ ಗುರುತಿನ ಸಂಖ್ಯೆಗಳು ಅವರು ಬಿಟ್‌ಕಾಯಿನ್ ಕೊಂಡ ಕಡೆಯ ರಸೀದಿಯಲ್ಲಿದ್ದವು. ಜನವರಿಯಿಂದ ಈಚಿನ ಸುಮಾರು ಹದಿನಾಲ್ಕು ಸಾವಿರ ಪುಟಗಳಲ್ಲಿ ಹುಡುಕಿಸಿದೆ. ಎರಡು ಗಂಟೆ ಓಡಿ, ಏನೂ ಸಿಗಲಿಲ್ಲ ಅಂತ ಉತ್ತರ ಬಂತು. ಒಂದು ಕ್ಷಣ ಮಾವನ ಮಾತೇ ನಿಜವಿರಬಹುದೇ, ದುಡ್ಡು ಅಲ್ಲೇ ಇರಬಹುದೇ ಅಂತ ಆಸೆಯಾಯಿತು. ತಪ್ಪು ನನ್ನದಾಗಿತ್ತು. ಆ ಗುರುತಿನ ಸಂಖ್ಯೆಯೂ ಫೈಲಿನಲ್ಲಿ ತಿರುಗುಮುರುಗಾಗಿಯೇ ಇರುತ್ತದೆ. ಮತ್ತೆ ಅತ್ತೆಯ ಪಾಠ.

ತಿದ್ದಿ ಓಡಿಸಿದರೆ ಇನ್ನೊಂದು ವಿಚಿತ್ರ. ಹಲವು ವ್ಯವಹಾರಗಳಲ್ಲಿ "ದುಡ್ಡು ಕೊಟ್ಟವರು: 0" ಅಂತ ಬರುತ್ತಿತ್ತು. ಕೊಡುವವರೇ ಇಲ್ಲದೆ ತೆಗೆದುಕೊಂಡವರು ಹೇಗೆ? ಕಾರಣ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಸೆಗ್ವಿಟ್ ಎಂಬ ಬದಲಾವಣೆ. ಹಳೆಯ ಬರವಣಿಗೆಯಲ್ಲಿ ಆವೃತ್ತಿ ಆದ ಕೂಡಲೇ ಎಷ್ಟು ಮೂಲದಿಂದ ದುಡ್ಡು ಬಂತು ಅನ್ನೋ ಎಣಿಕೆ. ಹೊಸದರಲ್ಲಿ ಅದಕ್ಕೂ ಮುಂಚೆ 00 01 ಅಂತ ಒಂದು ಗುರುತು. ನನ್ನ ಸಾಧನ ಆ ಗುರುತನ್ನೇ ಎಣಿಕೆ ಅಂತ ಓದುತ್ತಿತ್ತು. ನಾಲ್ಕು ಸಾಲು ಸೇರಿಸಿದೆ.

ಶುಕ್ರವಾರ ರಾತ್ರಿ ಒಂದೂವರೆಗೆ ಫೆಬ್ರವರಿಯ ನಮೂದು ಸಿಕ್ಕಿತು: 00 09 3ಡಿ 00 00 00 00 00. ತಿರುಗಿಸಿ ಓದಿದರೆ ನಲವತ್ತು ಲಕ್ಷ ಸತೋಷಿ. ಒಂದು ಬಿಟ್‌ಕಾಯಿನ್‌ಗೆ ಹತ್ತು ಕೋಟಿ ಸತೋಷಿ, ಅಂದರೆ ಇದು 0.04. ಮಾವನ ದುಡ್ಡು. ಎರಡೇ ಪುಟದ ನಂತರ ಅದನ್ನು ಯಾರೋ ಎತ್ತಿದ್ದರು. ಇಪ್ಪತ್ತು ನಿಮಿಷವೂ ನಿಂತಿರಲಿಲ್ಲ. ಜನವರಿಯ 0.02 ಮೂರು ಪುಟ ಕಾದಿತ್ತು. ಅದರ ಜೊತೆ ಬೇರೆ 31 ಕಡೆಯಿಂದ ಬಂದ ಮೊತ್ತಗಳೂ ಸೇರಿ ಒಂದೇ ವಿಳಾಸಕ್ಕೆ ಹೋಗಿದ್ದವು. 31 ಸಾಲುಗಳನ್ನೂ ಒಂದೊಂದಾಗಿ ನೋಡಿದೆ. ಪ್ರತಿ ಸಾಲಿನ ಹಿಂದೆ ಒಬ್ಬೊಬ್ಬ ಮಾವ ಇರಬಹುದು ಅನ್ನಿಸಿತು.

ಅಲ್ಲಿಂದ ಇನ್ನೆರಡು ಹೆಜ್ಜೆ ಹಿಂಬಾಲಿಸಿದೆ. ಮೊತ್ತ ಒಡೆದು, ನೂರಾರು ಸಾಲುಗಳ ವ್ಯವಹಾರದಲ್ಲಿ ಬೆರೆತುಹೋಯಿತು. ಅದರಾಚೆ ಹೇಳಿದರೆ ಊಹೆಯಾಗುತ್ತದೆ. ಅಲ್ಲಿಗೆ ನಿಲ್ಲಿಸಿದೆ.

ತಾಳೆ

ಶನಿವಾರ ರೈಲು ಹಿಡಿದು ತಿಪಟೂರಿಗೆ ಹೋದೆ. ಅತ್ತೆ ಪಾಠ ಹೇಳುತ್ತಿದ್ದರು. ಮಾವ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

ಒಂದೊಂದೇ ಸಾಲು ತೋರಿಸುತ್ತಾ ಹೋದೆ. ಮಾವ ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬರೆದುಕೊಂಡರು. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಆಮೇಲೆ ಕೇಳಿದರು: "ಇದನ್ನೂ ನೀನೇ ಬರೆದಿದ್ದೀಯಲ್ಲ. ನನಗೆ ಬುದ್ಧಿ ಹೇಳೋಕೆ ಅಂತ ಹಿಂಗೆ ಬರೋ ಹಾಗೆ ಮಾಡಿಲ್ಲ ಅಂತ ಏನು ಗ್ಯಾರಂಟಿ?"

ಪುಟದ ಒಂದು ನಕಲು ಮಾಡಿ, "ನೀವೇ ಒಂದು ಅಂಕಿ ತಿದ್ದಿ ಮಾವ" ಅಂದೆ. ಅವರು 3ಡಿಯನ್ನು 4ಡಿ ಮಾಡಿದರು. ಸಾಧನಕ್ಕೆ ಕೊಟ್ಟೆ. ಆ ನಮೂದಿನ ಹ್ಯಾಶ್ ಬದಲಾಯಿತು, ಅದರಿಂದ ಪುಟದ ಒಟ್ಟು ಹ್ಯಾಶ್ ಬದಲಾಯಿತು, ತಲೆಬರಹದಲ್ಲಿ ಬರೆದಿದ್ದಕ್ಕೆ ಹೊಂದಲಿಲ್ಲ. "ತಾಳೆ ಇಲ್ಲ" ಅಂತ ಬಂತು. ಅಂಕಿಯನ್ನು ಮೊದಲಿನಂತೆ ಮಾಡಿದರು. "ತಾಳೆ ಇದೆ." ಇನ್ನೊಂದು ಕಡೆ ತಿದ್ದಿದರು. "ತಾಳೆ ಇಲ್ಲ." ನಾಲ್ಕೈದು ಸಲ ಮಾಡಿ ನೋಡಿದರು. ಕೊನೆಗೆ ಮೊಬೈಲ್ ತೆಗೆದು ಆ್ಯಪ್ ತೆರೆದರು. "ನಿಮ್ಮ ವಿಳಾಸದಲ್ಲೇ ಭದ್ರವಾಗಿದೆ" ಅಂತಲೇ ಇತ್ತು.

"ಈ ನನ್ಮಕ್ಕಳು ಕಿರ್ದಿಯಲ್ಲಿ ಇಲ್ಲದ್ದನ್ನ ಖತಾವಣಿಯಲ್ಲಿ ತೋರಿಸ್ತಿದ್ದಾರೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೊಸ ಹುಡುಗರು ಯಾರಾದ್ರೂ ಮಂಡೀಲಿ ಹಿಂಗೆ ಮಾಡಿದ್ರೆ ಐದು ನಿಮಿಷದಲ್ಲಿ ಹಿಡೀತಿದ್ದೆ ಕಣೇ" ಅಂದರು. ನಾನೇನೂ ಮಾತಾಡಲಿಲ್ಲ.

ಅತ್ತೆಗೆ ಅವರೇ ಹೇಳಿದರು. ಅತ್ತೆ ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ನನಗೆ ಯಾಕೆ ಹೇಳಲಿಲ್ಲ?" ಅಂತ ಒಂದೇ ಕೇಳಿದ್ದು. ಅದು ನನಗೂ ಸೇರಿ ಕೇಳಿದ ಪ್ರಶ್ನೆ. ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಅವತ್ತೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ವ್ಯವಹಾರದ ಗುರುತಿನ ಸಂಖ್ಯೆ, ವಿಳಾಸ, ಸಮಯ ಎಲ್ಲ ಕೊಟ್ಟೆವು. ಬ್ಲಾಕ್‌ಚೈನ್‌ನಲ್ಲಿ ವಿಳಾಸ ಇರುತ್ತದೆ, ಹೆಸರು ಇರುವುದಿಲ್ಲ. ಆ ದುಡ್ಡು ಯಾವುದಾದರೂ ವಿನಿಮಯ ಕೇಂದ್ರಕ್ಕೆ ಬಂದರೆ ಹೆಸರು ಕೇಳುವ ಅಧಿಕಾರ ಪೊಲೀಸರಿಗಿದೆ, ನನ್ನ ಕಪ್ಪು ಕಿಟಕಿಗಲ್ಲ. ದುಡ್ಡು ಇವತ್ತಿನವರೆಗೂ ಬಂದಿಲ್ಲ. ಬರುತ್ತದೆ ಅಂತ ನಾನು ಮಾವನಿಗೆ ಹೇಳಿಯೂ ಇಲ್ಲ. ಈ ಸಲ ಅರ್ಧ ಸತ್ಯ ಬೇಡ ಅನ್ನಿಸಿತು. ಉಳಿದದ್ದು ಆ ಎರಡು ಲಕ್ಷದ ಎಪ್ಪತ್ತು ಸಾವಿರ.

ನಿಮಗೂ ಇಂಥ ಫೋನ್ ಬಂದರೆ

ಇದಕ್ಕೆಲ್ಲ ಸಾಧನ ಬರೆಯಬೇಕಾಗಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಆ್ಯಪ್ ತೋರಿಸುವ ಬಾಕಿ ಬರೀ ಒಂದು ಅಂಕಿ. ಯಾರು ಬೇಕಾದರೂ ಬರೆಯಬಹುದು.

ಕ್ರಿಪ್ಟೋ ಲಾಭಕ್ಕೆ ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇರುವುದು ನಿಜ. ಮೋಸಗಾರರು ಆ ನಿಜವನ್ನೇ ಬಳಸುತ್ತಾರೆ. ಆದಾಯ ತೆರಿಗೆ ಕಟ್ಟುವುದು ಸರ್ಕಾರಕ್ಕೆ. "ಮೊದಲು ತೆರಿಗೆ ಕಳಿಸಿ, ಆಮೇಲೆ ನಿಮ್ಮ ದುಡ್ಡು ಬಿಡುತ್ತೇವೆ" ಅಂತ ಯಾವ ಆ್ಯಪ್ ಕೇಳಿದರೂ ಅದು ಮೋಸ.

ಮೋಸ ಅಂತ ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ರಸೀದಿ, ಗುರುತಿನ ಸಂಖ್ಯೆ, ಸಂದೇಶ ಯಾವುದನ್ನೂ ಅಳಿಸಬೇಡಿ.

"ಹೋದ ಕ್ರಿಪ್ಟೋ ವಾಪಸ್ ತಂದುಕೊಡ್ತೀವಿ, ಸ್ವಲ್ಪ ಶುಲ್ಕ ಕೊಡಿ" ಅನ್ನುವವರು ಎರಡನೇ ಕಳ್ಳರು. ಮಾವನಿಗೆ ಅಂಥ ಕರೆ ಮೂರು ಬಂದವು.

ಎಲ್ಲಕ್ಕಿಂತ ಮುಖ್ಯ, "ಮನೆಯಲ್ಲಿ ಹೇಳಬೇಡಿ" ಅನ್ನೋ ಮಾತು ಬಂದ ಕಡೆ ಮೊದಲು ಮನೆಯಲ್ಲಿ ಹೇಳಿ.

ಮೊನ್ನೆ ಹಬ್ಬಕ್ಕೆ ಹೋಗಿದ್ದಾಗ ಮಾವನ ಮನೆಲೆಕ್ಕದ ಪುಸ್ತಕ ಕಣ್ಣಿಗೆ ಬಿತ್ತು. ಅವತ್ತಿನ ತಾರೀಖಿನ ಪುಟದಲ್ಲಿ, ಅವರ ದುಂಡನೆಯ ಅಕ್ಷರದಲ್ಲಿ, "ಬಿಟ್‌ಕಾಯಿನ್ ಬಾಬ್ತು ನಷ್ಟ" ಅಂತ ಪೂರ್ತಿ ಮೊತ್ತ ಬರೆದಿದ್ದರು. ಹಾಳೆ ಹರಿದಿರಲಿಲ್ಲ. ಪಕ್ಕದಲ್ಲಿ ಅತ್ತೆಯ ಸಹಿ ಇತ್ತು.