ಮಾತಿಗೆ ಕೂರಲು ಐದು ಕೋಟಿ ಡಾಲರ್: ಮತ್ಸುಝಾಕಾ ಬೋಸ್ಟನ್ ಸೇರಿದ ಬಗೆ

5,11,11,111 ಡಾಲರ್ ಮತ್ತು 11 ಸೆಂಟ್. ಇದು ಮುದ್ರಣದೋಷವಲ್ಲ. 2006ರ ನವೆಂಬರ್‌ನಲ್ಲಿ ಅಮೆರಿಕದ ಬೋಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ಜಪಾನಿನ ಸೈಬು ಲಯನ್ಸ್ ಕ್ಲಬ್ಬಿಗೆ ತೆರಲು ಒಪ್ಪಿದ ಮೊತ್ತ. ಅಷ್ಟಕ್ಕೂ ಅದರಿಂದ ದಕ್ಕಿದ್ದು ಆಟಗಾರನಲ್ಲ. 26 ವರ್ಷದ ಪಿಚರ್ ದೈಸುಕೆ ಮತ್ಸುಝಾಕಾ ಅವರೊಡನೆ 30 ದಿನಗಳ ಕಾಲ ಮಾತುಕತೆ ನಡೆಸುವ ಹಕ್ಕು ಮಾತ್ರ!

ಮತ್ಸುಝಾಕಾ ಜಪಾನಿನಲ್ಲಿ ಶಾಲಾ ದಿನಗಳಿಂದಲೇ ಮನೆಮಾತು. 1998ರ ಕೋಶಿಯೆನ್ ಪ್ರೌಢಶಾಲಾ ಪಂದ್ಯಾವಳಿಯ ಕ್ವಾರ್ಟರ್‌ಫೈನಲ್‌ನಲ್ಲಿ 17 ಇನಿಂಗ್ಸ್‌ಗಳಲ್ಲಿ 250 ಎಸೆತಗಳನ್ನು ಒಬ್ಬರೇ ಎಸೆದು ತಂಡವನ್ನು ಗೆಲ್ಲಿಸಿದ್ದರು. ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು 'ಹಿಟ್' ನೀಡಲಿಲ್ಲ. 2006ರ ಮೊದಲ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಅತ್ಯಮೂಲ್ಯ ಆಟಗಾರರೆನಿಸಿದ್ದೂ ಅವರೇ.

ಇಂತಹ ಆಟಗಾರ ನೇರವಾಗಿ ಅಮೆರಿಕಕ್ಕೆ ಏಕೆ ಹೋಗಲಾಗದು? ಜಪಾನಿನ ವೃತ್ತಿಪರ ಲೀಗ್‌ನಲ್ಲಿ ಒಂಬತ್ತು ಋತುಗಳ ಸೇವೆ ಪೂರೈಸುವವರೆಗೆ ಆಟಗಾರ ತನ್ನ ಕ್ಲಬ್ಬಿಗೆ ಬದ್ಧ. 1995ರಲ್ಲಿ ಹಿದಿಯೊ ನೊಮೊ 'ನಿವೃತ್ತಿ' ಎಂಬ ನೆಪದಲ್ಲಿ ಈ ಬೇಲಿ ಹಾರಿ ಲಾಸ್ ಏಂಜಲಿಸ್ ಡಾಡ್ಜರ್ಸ್ ಸೇರಿದರು. 1997ರ ಹಿದೆಕಿ ಇರಾಬು ಪ್ರಕರಣ ಮತ್ತಷ್ಟು ಜಟಿಲವಾಯಿತು. ಇದರ ಫಲವಾಗಿ 1998ರಲ್ಲಿ ಎರಡೂ ದೇಶಗಳ ಲೀಗ್‌ಗಳು 'ಪೋಸ್ಟಿಂಗ್' ಪದ್ಧತಿಯನ್ನು ಒಪ್ಪಿಕೊಂಡವು. ಕ್ಲಬ್ಬು ಆಟಗಾರನನ್ನು ಬಿಟ್ಟುಕೊಡಲು ಸಮ್ಮತಿಸಿದರೆ ಅಮೆರಿಕದ ತಂಡಗಳು ಮುಚ್ಚಿದ ಲಕೋಟೆಯ ಟೆಂಡರಿನಂತೆ ಬಿಡ್ ಸಲ್ಲಿಸಬೇಕು. ಐಪಿಎಲ್ ಹರಾಜಿನಲ್ಲಿ ಕೂಗಿದ ಹಣ ಆಟಗಾರನ ಸಂಭಾವನೆಯಾದರೆ, ಇಲ್ಲಿ ಬಿಡ್ ಹಣ ಹಳೆಯ ಕ್ಲಬ್ಬಿನ ಪಾಲು.

ಆಟಗಾರನ ಸ್ಥಿತಿ ಮಾತ್ರ ಇಕ್ಕಟ್ಟಿನದು. ಗೆದ್ದ ತಂಡದೊಡನೆ ಒಪ್ಪಂದವಾಗದಿದ್ದರೆ ಹಿಂದಿನ ಕ್ಲಬ್ಬಿಗೇ ಮರಳಬೇಕು, ಮೂರನೆಯ ದಾರಿಯಿಲ್ಲ. ಮತ್ಸುಝಾಕಾ ಪರ ಚೌಕಾಸಿಗೆ ಹೆಸರಾದ ಏಜೆಂಟ್ ಸ್ಕಾಟ್ ಬೊರಾಸ್ ಇದ್ದರೂ ಗಡುವು ಸಮೀಪಿಸುವವರೆಗೆ ಮಾತುಕತೆ ಎಳೆಯಿತು. ಕೊನೆಗೆ ಡಿಸೆಂಬರ್‌ನಲ್ಲಿ ಆರು ವರ್ಷಕ್ಕೆ 5.2 ಕೋಟಿ ಡಾಲರ್‌ಗೆ ಸಹಿ ಬಿತ್ತು. ಆರು ವರ್ಷದ ದುಡಿಮೆಗೆ ಆಟಗಾರ ಪಡೆದದ್ದೂ ಅವರನ್ನು ಕಳುಹಿಸಿಕೊಟ್ಟ ಕ್ಲಬ್ಬು ಪಡೆದದ್ದೂ ಹೆಚ್ಚುಕಡಿಮೆ ಸಮ. ಬಿಡ್ ಹಣ ವೇತನಮಿತಿ ಮೀರಿದ ತಂಡಗಳಿಗೆ ವಿಧಿಸುವ ತೆರಿಗೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ ಎಂಬುದು ಬೋಸ್ಟನ್ನಿಗೆ ಅನುಕೂಲ.

ವ್ಯಾಪಾರ ಲಾಭದಾಯಕವಾಯಿತೇ? 2007ರಲ್ಲಿ 15 ಗೆಲುವು, ವಿಶ್ವ ಸರಣಿಯ ಮೂರನೆಯ ಪಂದ್ಯದಲ್ಲಿ ಜಯ, ತಂಡಕ್ಕೆ ಪ್ರಶಸ್ತಿ. 2008ರಲ್ಲಿ 18 ಗೆಲುವು, ಕೇವಲ 3 ಸೋಲು. ಆ ಬಳಿಕ ಗಾಯಗಳ ಸರಮಾಲೆ. ಹೆಚ್ಚು ಎಸೆದಷ್ಟೂ ತೋಳು ಬಲಗೊಳ್ಳುತ್ತದೆಂಬ ಜಪಾನಿ ಅಭ್ಯಾಸಕ್ರಮಕ್ಕೂ ಎಸೆತಗಳನ್ನು ಎಣಿಸಿ ಕೊಡುವ ಅಮೆರಿಕನ್ ಕ್ರಮಕ್ಕೂ ಹೊಂದಾಣಿಕೆಯಾಗಲಿಲ್ಲ. 2011ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2012ರ ಕೊನೆಗೆ ವಿದಾಯ.

ಮುಚ್ಚಿದ ಲಕೋಟೆಯ ಪದ್ಧತಿಯೂ ಉಳಿಯಲಿಲ್ಲ. 2013ರಲ್ಲಿ ಶುಲ್ಕಕ್ಕೆ 2 ಕೋಟಿ ಡಾಲರ್ ಮಿತಿ ಹೇರಿ, ಅಷ್ಟು ತೆರಲು ಸಿದ್ಧವಿರುವ ಯಾವ ತಂಡದೊಡನೆಯೂ ಆಟಗಾರ ಮಾತನಾಡಬಹುದೆಂದು ನಿಯಮ ಬದಲಿಸಲಾಯಿತು. ಮರುವರ್ಷ ಮಸಾಹಿರೊ ತನಾಕಾ ನ್ಯೂಯಾರ್ಕ್ ಯಾಂಕೀಸ್‌ನಿಂದ ಏಳು ವರ್ಷಕ್ಕೆ 15.5 ಕೋಟಿ ಡಾಲರ್ ಪಡೆದರು. 2018ರಿಂದ ಶುಲ್ಕವನ್ನು ಒಪ್ಪಂದದ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ನಿಗದಿಪಡಿಸಲಾಗುತ್ತಿದೆ. 2023ರ ಡಿಸೆಂಬರ್‌ನಲ್ಲಿ ಯೊಶಿನೊಬು ಯಮಮೊಟೊ 32.5 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದಾಗ ಓರಿಕ್ಸ್ ಕ್ಲಬ್ಬಿನ ಪಾಲು ಸುಮಾರು 5.06 ಕೋಟಿ, ಸೈಬುವಿನ ದಾಖಲೆಗೆ ತುಸುವೇ ಕಡಿಮೆ. ಆದರೆ 25 ವರ್ಷ ತುಂಬದವರಿಗೆ ಈ ಲೆಕ್ಕ ಅನ್ವಯಿಸದು. 2025ರ ಜನವರಿಯಲ್ಲಿ ಅದೇ ಡಾಡ್ಜರ್ಸ್ ಸೇರಿದ 23ರ ಹರೆಯದ ರೊಕಿ ಸಸಾಕಿಗೆ ದೊರೆತದ್ದು 65 ಲಕ್ಷ ಡಾಲರ್ ಸಹಿಭತ್ಯೆ. ಅದರ ಕಾಲುಭಾಗ, ಅಂದರೆ 16 ಲಕ್ಷ ಡಾಲರ್‌ಗೆ ತುಸು ಮೇಲ್ಪಟ್ಟ ಹಣ ಚಿಬಾ ಲೊಟ್ಟೆ ಕ್ಲಬ್ಬಿನ ಕೈಸೇರಿತು.