ಗೋಡೆಯಾಚೆಯ ಸ್ಕೇಲು

ವಿಮಾನದಲ್ಲಿ ಕುಳಿತೇ ನೆಲದಾಳದ ತೈಲವನ್ನು ಪರದೆಯ ಮೇಲೆ ನೋಡಬಹುದೇ? 1976ರಲ್ಲಿ ಫ್ರಾನ್ಸಿನ ಸರ್ಕಾರಿ ತೈಲ ಸಂಸ್ಥೆ ಎಲ್ಫ್ ನೋಡಬಹುದೆಂದೇ ನಂಬಿತು. ಬೆಲ್ಜಿಯಂನ ಆಲೆನ್ ದ ವಿಲೆಗಾಸ್ ಮತ್ತು ಇಟಲಿಯ ಆಲ್ಡೊ ಬೊನಾಸೋಲಿ ತಂದ ಯಂತ್ರಕ್ಕೆ ಕೋಟಿಗಟ್ಟಲೆ ಫ್ರಾಂಕ್ ಸುರಿಯಿತು. 1973ರ ಬಿಕ್ಕಟ್ಟಿನಿಂದ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತ್ತು. ತನ್ನದೆನ್ನುವ ತೈಲ ತೀರಾ ಕಡಿಮೆಯಿದ್ದ ದೇಶಕ್ಕೆ ಈ ಯಂತ್ರ ವರವಾಗಿ ಕಂಡಿತು.

ತೈಲ ಹುಡುಕುವವರು ಸಾಮಾನ್ಯವಾಗಿ ನೆಲದಲ್ಲಿ ಕಂಪನ ಎಬ್ಬಿಸುತ್ತಾರೆ. ಅದು ಶಿಲಾಪದರಗಳಿಗೆ ತಾಗಿ ಮರಳಲು ಹಿಡಿಯುವ ಹೊತ್ತಿನಿಂದ ಪದರಗಳ ಆಳ, ಆಕಾರ ತಿಳಿಯುತ್ತದೆ. ಅಷ್ಟಾದರೂ ತೈಲವಿರುವುದು ಖಚಿತವಾಗುವುದು ಬಾವಿ ಕೊರೆದ ಮೇಲೆಯೇ. ಬೆಳಕಾಗಲಿ ರೇಡಿಯೊ ತರಂಗವಾಗಲಿ ಕಿಲೋಮೀಟರುಗಟ್ಟಲೆ ಬಂಡೆಯನ್ನು ಹಾದು ಬರಲಾರದು. ಹಾಗಾದರೆ ಈ ಯಂತ್ರ ನೋಡುತ್ತಿದ್ದುದು ಯಾವುದರಿಂದ? ಅದನ್ನು ಯಂತ್ರ ತಂದವರು ಹೇಳಲೇ ಇಲ್ಲ. ಜಲಾಂತರ್ಗಾಮಿಗಳನ್ನೂ ಇದು ಪತ್ತೆ ಮಾಡಬಲ್ಲದೆಂಬ ಮಾತು ಹಬ್ಬಿದ್ದರಿಂದ ಯೋಜನೆಗೆ ರಕ್ಷಣಾ ಗೌಪ್ಯದ ಬೇಲಿಯೂ ಬಿತ್ತು.

ಮೊದಲೇ ಗೊತ್ತಿದ್ದ ನಿಕ್ಷೇಪಗಳ ಮೇಲೆ ಹಾರಿದಾಗ ಚಿತ್ರಗಳು ಚೆನ್ನಾಗಿಯೇ ಮೂಡಿದವು. ಹೊಸ ಜಾಗಗಳಲ್ಲಿ ಕೊರೆದಾಗ ಬಾವಿಗಳು ಬರಿದಾಗಿದ್ದವು. ಉತ್ತರ ತಿಳಿದಿದ್ದಲ್ಲಿ ಮಾತ್ರ ಯಂತ್ರ ಗೆಲ್ಲುತ್ತಿದೆ ಎನ್ನುವುದೇ ಎಚ್ಚರಿಕೆಯ ಗಂಟೆಯಾಗಬೇಕಿತ್ತು.

1979ರ ಮೇ ತಿಂಗಳಲ್ಲಿ ಫ್ರಾನ್ಸಿನ ಅಣುಶಕ್ತಿ ಆಯೋಗದ ಭೌತವಿಜ್ಞಾನಿ ಜೂಲ್ಸ್ ಹೊರೊವಿಟ್ಸ್ ಪರೀಕ್ಷೆಗೆ ಬಂದರು. ಗೋಡೆಯಾಚೆ ಇಟ್ಟ ಸ್ಕೇಲನ್ನು ಯಂತ್ರ ತೋರಿಸಬೇಕಿತ್ತು. ಪರದೆಯ ಮೇಲೆ ನೇರವಾದ ಸ್ಕೇಲು ಮೂಡಿತು. ಆದರೆ ಹೊರೊವಿಟ್ಸ್ ಯಾರಿಗೂ ತಿಳಿಸದೆ ಅದನ್ನು ಬಗ್ಗಿಸಿಟ್ಟಿದ್ದರು! ಯಂತ್ರ ಏನನ್ನೂ ನೋಡುತ್ತಿರಲಿಲ್ಲ. ಮೊದಲೇ ಸಿದ್ಧಪಡಿಸಿದ ಚಿತ್ರವನ್ನು ತೋರಿಸುತ್ತಿತ್ತು.

ಮೂರು ವರ್ಷ ಬಾಳಿದ ಮೋಸವನ್ನು ಒಂದು ಸ್ಕೇಲು ಮುಗಿಸಿತು. ಹಗರಣ ಜನರಿಗೆ ತಿಳಿದದ್ದು ಮಾತ್ರ 1983ರಲ್ಲಿ. ಅಷ್ಟರೊಳಗೆ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಯ ಪ್ರತಿಗಳನ್ನು ಆ ಲೆಕ್ಕಪರಿಶೋಧನಾ ಸಂಸ್ಥೆಯ ಮುಖ್ಯಸ್ಥರೇ ನಾಶಪಡಿಸಿದ್ದರು.

ಹೊರೊವಿಟ್ಸ್ ಮಾಡಿದ್ದರಲ್ಲಿ ವಿಶೇಷ ಉಪಕರಣವೇನೂ ಇರಲಿಲ್ಲ. ಯಂತ್ರದವರಿಗೆ ಉತ್ತರ ಗೊತ್ತಿಲ್ಲದಂತೆ ಪ್ರಶ್ನೆ ಕೇಳಿದರು, ಅಷ್ಟೆ. ಅದನ್ನು 1976ರಲ್ಲೇ ಕೇಳಬಹುದಿತ್ತು. ಗುಟ್ಟು ಕಾಯುವ ನೆಪದಲ್ಲಿ ಹೊರಗಿನ ತಜ್ಞರನ್ನು ದೂರವಿಟ್ಟದ್ದರಿಂದ ಕೇಳುವವರೇ ಇರಲಿಲ್ಲ. ಸಂಶೋಧನೆಯಲ್ಲಿ ಗುಟ್ಟು ಕೆಲವೊಮ್ಮೆ ಬೇಕಾಗುತ್ತದೆ ನಿಜ. ಆದರೆ ಸಂಶೋಧಕರ ಹಿಡಿತದಲ್ಲಿಲ್ಲದ ಒಂದು ಪರೀಕ್ಷೆಯನ್ನಾದರೂ ದಾಟುವ ಮೊದಲು ಜನರ ತೆರಿಗೆ ಹಣ ಖಜಾನೆ ಬಿಟ್ಟು ಹೊರಡಬಾರದು.