ಹದಿನಾಲ್ಕು ಸಾವಿರದ ಗೆರೆ

ಡೊಂಬಿವಲಿ ಎಂಐಡಿಸಿಯಲ್ಲಿ ನಮ್ಮ ಕುಂದಾಪುರದ ಕಡೆಯ ಹಿರಿಯರೊಬ್ಬರ ಲೇತ್ ವರ್ಕ್‌ಶಾಪ್ ಇದೆ. ಕಳೆದ ಭಾನುವಾರ ಚಹಾಕ್ಕೆಂದು ಹೋದಾಗ ಅವರ ಮೇಜಿನ ಮೇಲೆ ಗೋ-ಕಾರ್ಟಿನ 125 ಸಿಸಿ ಟೂ-ಸ್ಟ್ರೋಕ್ ಇಂಜಿನ್ನೊಂದು ಬಿಚ್ಚಿ ಬಿದ್ದಿತ್ತು. ಪರಿಚಯದವರೊಬ್ಬರು ಮಗನ ರೇಸಿಂಗ್ ಆಸೆಗೆ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಕ್ರ್ಯಾಂಕ್ ಪಿನ್ ನೀಲಿಗಟ್ಟಿತ್ತು, ನೀಡಲ್ ಬೇರಿಂಗಿನ ಕೇಜ್ ಚೂರುಚೂರು.

"ಇದು ಸತ್ತದ್ದಲ್ಲ ಮಾರಾಯ್ರೆ, ಕೊಂದದ್ದು" ಅಂದರು. ಹಿಂದೆ ಓಡಿಸಿದವರು ಯಾರೋ ಇಗ್ನಿಷನ್ ಬಾಕ್ಸ್ ಬದಲಿಸಿ ರೆವ್ ಲಿಮಿಟರನ್ನೇ ಇಲ್ಲವಾಗಿಸಿದ್ದರು.

ಬಾಡಿಗೆ ಕಾರ್ಟ್ ಓಡಿಸಿದವರಿಗೆ ಈ ಕಷ್ಟ ತಿಳಿಯದು. ಅವುಗಳಲ್ಲಿ ಹೆಚ್ಚಾಗಿ ಇರುವುದು ಪಂಪ್‌ಸೆಟ್ಟಿಗೆ ಹಾಕುವಂಥ ಫೋರ್-ಸ್ಟ್ರೋಕ್ ಇಂಜಿನ್. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಆಸುಪಾಸಿನಲ್ಲೇ ಗವರ್ನರ್ ಥ್ರಾಟಲನ್ನು ಹಿಂದಕ್ಕೆಳೆಯುತ್ತದೆ. ರೇಸ್ ಕಾರ್ಟಿನ ಲಿಮಿಟರ್ ಥ್ರಾಟಲ್ ಮುಟ್ಟುವುದಿಲ್ಲ, ಕಿಡಿಯನ್ನು ತಪ್ಪಿಸುತ್ತದೆ. ಬೆಂಗಳೂರು, ಕೊಲ್ಹಾಪುರದ ಟ್ರ್ಯಾಕುಗಳಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳ ರೋಟ್ಯಾಕ್ಸ್ ಸೀನಿಯರ್ ಮ್ಯಾಕ್ಸ್ ಇಂಜಿನ್ನಿಗೆ ಆ ಗೆರೆ ಸುಮಾರು 14,000.

ಮನೆಗೆ ಬಂದು ಲೆಕ್ಕ ಹಾಕಿದೆ. 14,000 ಅಂದರೆ ಸೆಕೆಂಡಿಗೆ 233 ಸುತ್ತು. ಪಿಸ್ಟನ್ 54.5 ಮಿಲಿಮೀಟರ್ ಮೇಲೆ ಹೋಗಿ, ನಿಂತು, ಕೆಳಗೆ ಬರಬೇಕು. ತುದಿಯಲ್ಲಿ ಅದನ್ನು ತಡೆದು ತಿರುಗಿಸಲು ಬೇಕಾದ ಬಲ ಅದರ ತೂಕದ ಆರು ಸಾವಿರ ಪಟ್ಟಿಗೂ ಹೆಚ್ಚು! ಸುತ್ತು 16,000 ಆದರೆ ವೇಗ ಏರುವುದು ಶೇಕಡಾ 14, ಬಲ ಏರುವುದು 31. ಪೆಟ್ಟೆಲ್ಲ ಆ ಸಣ್ಣ ಬೇರಿಂಗಿಗೆ. ಇಷ್ಟಾಗಿ ಲಾಭವೇನು? ಇಂಜಿನ್ನಿನ ಶಕ್ತಿ 11,500ರ ಹತ್ತಿರವೇ ಶಿಖರ ಮುಟ್ಟಿ ಇಳಿಯತೊಡಗಿರುತ್ತದೆ.

ಹಿಂದಿನ 100 ಸಿಸಿ ರೇಸ್ ಇಂಜಿನ್ನುಗಳು 20,000 ದಾಟಿ ಕಿರುಚುತ್ತಿದ್ದವು. ಕೆಲವೇ ಗಂಟೆ ಓಡಿದರೆ ಬಿಚ್ಚಬೇಕು. ಪಿಸ್ಟನ್ ಬದಲಿಸುವಷ್ಟು ದುಡ್ಡಿದ್ದ ಅಪ್ಪನ ಮಗನೇ ಮುಂದೆ. 2007ರಲ್ಲಿ ಅಂತಾರಾಷ್ಟ್ರೀಯ ಕಾರ್ಟಿಂಗ್ ಆಯೋಗ ತಂದ ಕೆಎಫ್ ಇಂಜಿನ್ನುಗಳಿಗೆ ವರ್ಗಕ್ಕೆ ತಕ್ಕಂತೆ 16, 15, 14 ಸಾವಿರದ ಮಿತಿ ಬಂತು. ರೋಟ್ಯಾಕ್ಸ್‌ನವರು ಅದಕ್ಕೂ ಮೊದಲೇ ಮಿತಿಯ ಜೊತೆಗೆ ಇಂಜಿನ್ನಿಗೆ ಸೀಲ್ ಕೂಡ ಹಾಕಿ, ಸುಮಾರು 50 ಗಂಟೆಗೊಮ್ಮೆ ಓವರ್‌ಹಾಲ್ ಸಾಕು ಅನ್ನುವ ಮಟ್ಟಕ್ಕೆ ತಂದಿದ್ದರು. ಮಧ್ಯಮ ವರ್ಗದ ಮನೆಗೆ ಅದೇ ದೊಡ್ಡದು.

ಹಾಗೆಂದು ಲಿಮಿಟರ್ ಒಂದನ್ನೇ ನಂಬಿದರೂ ಆಗದು. ಇಲ್ಲಿ ಗೇರ್ ಬಾಕ್ಸ್ ಇಲ್ಲ, ಹಿಂದಿನ ಸ್ಪ್ರಾಕೆಟ್ಟೇ ಗೇರು. ತಿರುವಿನಿಂದ ಜೋರಾಗಿ ಹೊರಬರಲೆಂದು ಹಲ್ಲು ಹೆಚ್ಚಿಸಿದರೆ ನೇರ ದಾರಿಯ ಅರ್ಧದಲ್ಲೇ ಲಿಮಿಟರ್ ತಾಗಿ ಕಾರ್ಟ್ ಬಿಕ್ಕಳಿಸುತ್ತದೆ. ಇನ್ನು ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ, ಪೂರ್ಣ ವೇಗದಲ್ಲಿ ಥ್ರಾಟಲ್ ಬಿಟ್ಟೊಡನೆ ಬೇರಿಂಗಿಗೆ ಎಣ್ಣೆಯೂ ಕಡಿಮೆ.

ಹುಡುಗನ ತಂದೆ ಸಂಜೆ ಬಂದು, "ಕ್ರ್ಯಾಂಕ್ ಬೇಗ ಕೂರಿಸಿಕೊಡಿ, ಮುಂದಿನ ವಾರ ಪ್ರಾಕ್ಟೀಸ್ ಇದೆ" ಎಂದರು. ಹಿರಿಯರು ಕೈ ಒರೆಸಿಕೊಂಡು, "ಮೊದಲು ಕಂಪನಿಯ ಬಾಕ್ಸ್ ತನ್ನಿ, ಆಮೇಲೆ ಕ್ರ್ಯಾಂಕ್" ಅಂದು ಇನ್ನೊಂದು ಚಹಾ ಹೇಳಿದರು.